ಕಿವಿ ಮತ್ತು ಪೂರ್ವ: ಒಂದು ಕುಲನಾಮದ ಮೂರು ಸಾವಿರ ವರ್ಷ

ಸಿಂಗಪುರದಲ್ಲಿ ನಮ್ಮ ಎದುರು ಮನೆಯಲ್ಲಿರುವ ಹಿರಿಯರ ಅಡ್ಡಹೆಸರು ತಾನ್. ಅವರ ಪರಿಚಯವಾಗಿ ಕೆಲವು ತಿಂಗಳುಗಳಾದ ಮೇಲೆ, ಒಂದು ಸಂಜೆ ಲಿಫ್ಟಿಗಾಗಿ ಕಾಯುತ್ತ ನಿಂತಿದ್ದಾಗ, ನನ್ನ ಕಚೇರಿಯಲ್ಲಿರುವ ಹಾಂಗ್‌ಕಾಂಗಿನ ಚಾನ್ ಮತ್ತು ತೈವಾನಿನ ಚೆನ್ ಇಬ್ಬರೂ ತಮ್ಮದೂ ಇದೇ ಹೆಸರು ಎನ್ನುತ್ತಾರಲ್ಲ, ಅದು ಹೇಗೆ ಎಂದು ಅವರನ್ನು ಕೇಳಿದೆ. ಅವರು ತರಕಾರಿಯ ಚೀಲವನ್ನು ನೆಲಕ್ಕಿಟ್ಟು, ಎಡಗೈಯನ್ನು ಹಲಗೆಯಂತೆ ಚಾಚಿ, ಬಲಗೈಯ ತೋರುಬೆರಳಿನಿಂದ ಅಂಗೈಯ ಮೇಲೆ ನಿಧಾನವಾಗಿ ಬರೆದು ತೋರಿಸಿದರು. "ಎಡಕ್ಕೆ ಕಿವಿ, ಬಲಕ್ಕೆ ಪೂರ್ವ. ಯಾರು ಹೇಗೆ ಬೇಕಾದರೂ ಕರೆಯಲಿ, ಬರೆಯುವುದು ಮಾತ್ರ ಹೀಗೆಯೇ" ಎಂದರು. ಚೀನೀಯರು ಫೋನಿನಲ್ಲಿ ಹೆಸರು ಹೇಳುವಾಗಲೂ ಹೀಗೆ 'ಕಿವಿ-ಪೂರ್ವದ ಚೆನ್' ಎಂದೇ ಬಿಡಿಸಿ ಹೇಳುತ್ತಾರೆಂಬುದು ನನಗೆ ಆಮೇಲೆ ತಿಳಿಯಿತು. ವಾಸ್ತವವಾಗಿ ಎಡಭಾಗದ ಆ ಗುರುತು ಕಿವಿಯದಲ್ಲ, ದಿಣ್ಣೆಯದು. ಗುಡ್ಡ, ಏರು, ನೆಲಗಳಿಗೆ ಸಂಬಂಧಿಸಿದ ಹಲವು ಅಕ್ಷರಗಳಲ್ಲಿ ಅದು ಬರುತ್ತದೆ. ಆಕಾರವಷ್ಟೇ ಕಿವಿಯನ್ನು ಹೋಲುತ್ತದೆ.

ಆ ಸಂಜೆಯಿಂದ ಈ ಒಂದು ಅಕ್ಷರದ ಬೆನ್ನು ಹತ್ತಿದ್ದೇನೆ. ಚೀನಾದಲ್ಲಿ ಅತಿ ಹೆಚ್ಚು ಜನರಿರುವ ಕುಲನಾಮಗಳಲ್ಲಿ ಚೆನ್ ಐದನೆಯದು. ತೈವಾನ್ ಮತ್ತು ಸಿಂಗಪುರದ ಚೀನೀಯರಲ್ಲಿ ಅದಕ್ಕೇ ಮೊದಲ ಸ್ಥಾನ. ಬೀಜಿಂಗಿನ ಭಾಷೆಯಲ್ಲಿ ಚೆನ್, ಕ್ಯಾಂಟನೀಸರಲ್ಲಿ ಚಾನ್, ಹಕ್ಕಾ ಜನರಲ್ಲಿ ಚಿನ್, ಆಗ್ನೇಯ ಕರಾವಳಿಯ ಹೊಕ್ಕಿಯೆನ್ ಮತ್ತು ತಿಯೊಚ್ಯೂ ಮಾತಾಡುವವರಲ್ಲಿ ತಾನ್, ಕೊರಿಯಾದಲ್ಲಿ ಜಿನ್, ವಿಯೆಟ್ನಾಮಿನಲ್ಲಿ ಟ್ರಾನ್. ಇಷ್ಟೊಂದು ಜನ ಒಬ್ಬನೇ ಮೂಲಪುರುಷನಿಂದ ಹುಟ್ಟಿ ಬಂದವರೆಂದು ಅವರ ವಂಶಾವಳಿಗಳು ಹೇಳುತ್ತವೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುವ ಆ ಸಾಲುಗಳನ್ನು ಓದುತ್ತ ಹೋದಂತೆ ನನ್ನ ಗಮನ ಸೆಳೆದದ್ದು ಮಾತ್ರ ಆ ಸಾಲುಗಳ ಹೊರಗೆ ನಿಂತಿರುವ ಹೆಂಗಸರು. ಗಂಡಸರ ಲೆಕ್ಕದಲ್ಲಿ ನಡೆದು ಬಂದ ಈ ಹೆಸರು ದಾರಿಯ ಪ್ರತಿಯೊಂದು ತಿರುವಿನಲ್ಲೂ ಒಬ್ಬ ಹೆಣ್ಣಿನ ಕೈಯನ್ನು ಹಾಯ್ದೇ ಮುಂದೆ ಸಾಗಿದೆ.

ಮೊದಲಿನಿಂದ ಹೇಳುವುದಾದರೆ, ಪ್ರಾಚೀನ ಚೀನಾದಲ್ಲಿ ಕುಲನಾಮಗಳು ಎರಡು ಬಗೆಯವಾಗಿದ್ದವು. 'ಶಿಂಗ್' ಎಂಬುದು ಹುಟ್ಟಿನ ಕುಲ, 'ಷಿ' ಎಂಬುದು ಆಳುವ ನೆಲದಿಂದಲೋ ಹುದ್ದೆಯಿಂದಲೋ ಬಂದ ಮನೆತನದ ಹೆಸರು. ಶಿಂಗ್ ಎಂದು ಬರೆಯುವ ಅಕ್ಷರದಲ್ಲಿ 'ಹೆಣ್ಣು' ಮತ್ತು 'ಹುಟ್ಟು' ಎಂಬ ಎರಡು ಭಾಗಗಳಿವೆ. ಅತ್ಯಂತ ಹಳೆಯ ಕುಲಗಳ ಹೆಸರುಗಳಾದ ಜಿ, ಜಿಯಾಂಗ್, ಗುಯ್ ಇವುಗಳಲ್ಲೂ ಹೆಣ್ಣಿನ ಗುರುತಿದೆ. ಮದುವೆಯ ಸಂಬಂಧ ನೋಡುವಾಗ ಲೆಕ್ಕಕ್ಕೆ ಬರುತ್ತಿದ್ದುದು ಈ ಹುಟ್ಟಿನ ಕುಲವೇ. ನಮ್ಮಲ್ಲಿ ಗೋತ್ರವನ್ನೋ ಬೆಡಗನ್ನೋ ಕೇಳುವಂತೆ ಅವರು ಶಿಂಗ್ ಕೇಳುತ್ತಿದ್ದರು, ಒಂದೇ ಶಿಂಗಿನೊಳಗೆ ಹೆಣ್ಣು ತರುತ್ತಿರಲಿಲ್ಲ. ಚೆನ್ ಎಂಬುದು ಷಿ. ಅದರ ಹಿಂದಿರುವ ಹುಟ್ಟಿನ ಕುಲ ಗುಯ್, ಪುರಾಣಕಾಲದ ದೊರೆ ಷುನ್‌ನ ಸಂತತಿಯೆಂದು ಹೇಳಿಕೊಳ್ಳುತ್ತಿದ್ದ ಕುಲ.

ಕ್ರಿಸ್ತಪೂರ್ವ 11ನೆಯ ಶತಮಾನದಲ್ಲಿ ಝೌ ವಂಶದ ರಾಜ ವೂ ಶಾಂಗ್ ಅರಸರನ್ನು ಸೋಲಿಸಿದಾಗ, ಈ ಗುಯ್ ಕುಲದ ಒಬ್ಬಾತ ಝೌ ಅರಸರ ಕುಂಬಾರರ ಮೇಲ್ವಿಚಾರಕನಾಗಿದ್ದ. ಮಡಕೆಗಳನ್ನು ಚೆನ್ನಾಗಿ ಮಾಡಿಸಿಕೊಟ್ಟು ಅವನು ಅರಸನ ಮೆಚ್ಚುಗೆ ಗಳಿಸಿದ್ದ. ಅವನ ಮಗ ಮಾನ್‌ಗೆ ರಾಜ ವೂ ತನ್ನ ಹಿರಿಯ ಮಗಳನ್ನು ಕೊಟ್ಟು ಮದುವೆ ಮಾಡಿದ. ಅವಳೊಂದಿಗೆ ಚೆನ್ ಎಂಬ ನೆಲವನ್ನೂ ಕೊಟ್ಟ. ಈಗಿನ ಹೆನಾನ್ ಪ್ರಾಂತದ ಹುವಾಯ್‌ಯಾಂಗ್ ಸುತ್ತಮುತ್ತಲಿನ ಬಯಲು ಅದು. ಮಾನ್ ಮುಂದೆ ಚೆನ್ ರಾಜ್ಯದ 'ಹೂ' ಎಂಬ ಹೆಸರಿನ ದೊರೆ ಎನಿಸಿಕೊಂಡು, ಇಂದಿಗೂ ಜಗತ್ತಿನ ಚೆನ್‌ಗಳೆಲ್ಲರ ಮೂಲಪುರುಷನಾಗಿ ಪೂಜೆಗೊಳ್ಳುತ್ತಿದ್ದಾನೆ. ಆದರೆ ಆ ನೆಲ ಬಂದದ್ದು ಮದುಮಗಳ ಜೊತೆಗೆ ಎಂಬುದನ್ನು ಮರೆಯಲಾಗದು. ಹಳೆಯ ವೃತ್ತಾಂತವು ಅವಳನ್ನು 'ತಾಯ್ ಜಿ', ಎಂದರೆ ಜಿ ಕುಲದ ಹಿರಿಯಳು, ಎಂದಷ್ಟೇ ಕರೆದು ಮುಂದೆ ಹೋಗುತ್ತದೆ.

ಆ ರಾಜ್ಯದ ಇನ್ನೊಬ್ಬ ಹೆಣ್ಣುಮಗಳ ಕಥೆಯನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಕ್ರಿಸ್ತಪೂರ್ವ 7ನೆಯ ಶತಮಾನದ ಆರಂಭದ ಮಾತಿದು. ಚೆನ್ ಅರಮನೆಯಿಂದ ಶೀ ಎಂಬ ಚಿಕ್ಕ ರಾಜ್ಯಕ್ಕೆ ಸೊಸೆಯಾಗಿ ಹೋದವಳನ್ನು, ಗಂಡನ ಊರು ಮತ್ತು ತವರಿನ ಕುಲ ಸೇರಿಸಿ, ಶೀ ಗುಯ್ ಎಂದು ಕರೆಯುತ್ತಿದ್ದರು. ಅವಳ ಚೆಲುವಿನ ಸುದ್ದಿ ಕೇಳಿದ ಚೂ ರಾಜ್ಯದ ಅರಸ ವೆನ್ ಶೀ ರಾಜ್ಯವನ್ನೇ ಅಳಿಸಿ ಅವಳನ್ನು ಹೊತ್ತೊಯ್ದ. ಅವಳು ಅವನಿಗೆ ಇಬ್ಬರು ಗಂಡುಮಕ್ಕಳನ್ನು ಹೆತ್ತಳು, ಆದರೆ ತಾನಾಗಿ ಒಂದು ಮಾತನ್ನೂ ಆಡಲಿಲ್ಲ. ಏಕೆಂದು ಕೇಳಿದಾಗ, ಒಬ್ಬಳು ಇಬ್ಬರು ಗಂಡಂದಿರ ಸೇವೆ ಮಾಡಬೇಕಾಯಿತು, ಸಾಯಲಾಗಲಿಲ್ಲ, ಇನ್ನು ಆಡುವ ಮಾತಾದರೂ ಏನು ಎಂಬರ್ಥದ ಉತ್ತರ ಕೊಟ್ಟಳಂತೆ. ಅವಳ ಮಗ ಚೂ ರಾಜ್ಯದ ಅರಸನಾದ. ಇನ್ನೂರು ವರ್ಷಗಳ ಬಳಿಕ, ಕ್ರಿಸ್ತಪೂರ್ವ 478ರಲ್ಲಿ, ಅದೇ ಚೂ ರಾಜ್ಯ ಅವಳ ತವರಾದ ಚೆನ್ ರಾಜ್ಯವನ್ನು ನುಂಗಿತು.

ರಾಜ್ಯ ಹೋದ ಮೇಲೆ ಅಲ್ಲಿಂದ ಚದುರಿದ ಜನ ರಾಜ್ಯದ ಹೆಸರನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡರು. ನನ್ನ ಅಡ್ಡಹೆಸರು ಕೂಡ ನಾನು ಒಮ್ಮೆಯೂ ಕಾಲಿಡದ ಒಂದು ಊರಿನದು. ಹಾಗಾಗಿ, ಊರು ಕೈಬಿಟ್ಟ ಮೇಲೇ ಅದರ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ನನಗೆ ಹೊಸದೆನಿಸಲಿಲ್ಲ. ರಾಜ್ಯ ಅಳಿಯುವ ಮೊದಲೇ ಊರು ಬಿಟ್ಟವರೂ ಇದ್ದರು. ಕ್ರಿಸ್ತಪೂರ್ವ 672ರಲ್ಲಿ ಚೆನ್ ವಾನ್ ಎಂಬ ರಾಜಕುಮಾರ ಮನೆಯೊಳಗಿನ ಕೊಲೆಗಳಿಗೆ ಹೆದರಿ ಪೂರ್ವದ ಚೀ ರಾಜ್ಯಕ್ಕೆ ಓಡಿಹೋದ. ಅಲ್ಲಿನ ದೊರೆ ದೊಡ್ಡ ಪದವಿ ಕೊಡಲು ಬಂದರೂ ಒಲ್ಲೆನೆಂದು ಕುಶಲಕರ್ಮಿಗಳ ಮೇಲ್ವಿಚಾರಕನಾಗಿ ಕೆಲಸಕ್ಕೆ ಸೇರಿದ. ಕುಂಬಾರರ ಅಧಿಕಾರಿಯ ವಂಶಕ್ಕೆ ಅದು ಸಲ್ಲುವ ಕೆಲಸವೇ ಆಗಿತ್ತು. ಅವನ ಮನೆತನ ಅಲ್ಲಿ ತ್ಯಾನ್ ಎಂಬ ಹೆಸರಿನಿಂದ ಬೆಳೆದು, ಕ್ರಿಸ್ತಪೂರ್ವ 386ರ ಹೊತ್ತಿಗೆ ಆಶ್ರಯ ಕೊಟ್ಟವರನ್ನೇ ಬದಿಗೆ ಸರಿಸಿ ಚೀ ರಾಜ್ಯದ ಸಿಂಹಾಸನವನ್ನೇರಿತು. ಆ ಕಾಲದಲ್ಲಿ ಚೆನ್ ಮತ್ತು ತ್ಯಾನ್ ಹೆಚ್ಚುಕಡಿಮೆ ಒಂದೇ ತರಹ ಉಚ್ಚರಿಸಲ್ಪಡುತ್ತಿದ್ದವು. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕ್ರಿಸ್ತಪೂರ್ವ 221ರಲ್ಲಿ ಚೀ ರಾಜ್ಯವೂ ಬಿದ್ದ ಬಳಿಕ, ವಂಶಾವಳಿಗಳು ಹೇಳುವಂತೆ, ಒಂದು ಕವಲು ಮತ್ತೆ ಚೆನ್ ಹೆಸರನ್ನು ತೊಟ್ಟು ಹೆನಾನಿನ ಯಿಂಗ್‌ಚುವಾನ್ ಸೀಮೆಯಲ್ಲಿ ನೆಲೆಸಿತು. ಆ ಸೀಮೆಗೆ ಹೆಸರು ತಂದವನು ಚೆನ್ ಷಿ (104–187) ಎಂಬ ಸಣ್ಣ ಊರಿನ ಅಧಿಕಾರಿ. ಬರಗಾಲದ ಒಂದು ರಾತ್ರಿ ಕಳ್ಳನೊಬ್ಬ ಅವನ ಮನೆಗೆ ನುಗ್ಗಿ ತೊಲೆಯ ಮೇಲೆ ಅಡಗಿದ್ದ. ಅದನ್ನು ಕಂಡೂ ಚೆನ್ ಷಿ ಕೂಗಲಿಲ್ಲ. ಮಕ್ಕಳು ಮೊಮ್ಮಕ್ಕಳನ್ನು ಎಬ್ಬಿಸಿ ಸಾಲಾಗಿ ಕೂರಿಸಿ, ಕೆಟ್ಟವರು ಹುಟ್ಟುತ್ತಲೇ ಕೆಟ್ಟವರಾಗಿರುವುದಿಲ್ಲ, ರೂಢಿ ಅವರನ್ನು ಹಾಗೆ ಮಾಡುತ್ತದೆ, ತೊಲೆಯ ಮೇಲಿರುವ ಆ ಸಜ್ಜನರೂ ಅಂಥವರೇ ಎಂದ. ಕಳ್ಳ ಇಳಿದು ಬಂದು ನೆಲಕ್ಕೆ ಹಣೆ ಮುಟ್ಟಿಸಿದ. ಚೆನ್ ಷಿ ಅವನಿಗೆ ಎರಡು ಥಾನು ರೇಷ್ಮೆ ಬಟ್ಟೆ ಕೊಟ್ಟು ಕಳುಹಿಸಿದ. 'ತೊಲೆಯ ಮೇಲಿನ ಸಜ್ಜನ' ಎಂದರೆ ಚೀನೀ ಭಾಷೆಯಲ್ಲಿ ಇಂದಿಗೂ ಕಳ್ಳನೆಂದೇ ಅರ್ಥ. ಸಾವಿರಾರು ಮೈಲಿ ದೂರ ಹೋದ ಚೆನ್‌ಗಳೂ ಮನೆಯ ಬಾಗಿಲ ಮೇಲೆ, ಸಮಾಧಿಯ ಕಲ್ಲಿನ ಮೇಲೆ 'ಯಿಂಗ್‌ಚುವಾನ್' ಎಂದು ಬರೆಸುವುದುಂಟು. ಕುಲದಲ್ಲಿ ರಾಜರು ಬಹಳ ಜನ ಇದ್ದರೂ ಬಾಗಿಲ ಮೇಲೆ ಉಳಿದದ್ದು ಕಳ್ಳನನ್ನು ಮರ್ಯಾದೆಯಿಂದ ಮಾತಾಡಿಸಿದವನ ಸೀಮೆಯ ಹೆಸರು ಎಂಬುದು ನನಗೆ ತುಂಬ ಹಿಡಿಸಿತು.

311ರಲ್ಲಿ ಉತ್ತರದ ದಾಳಿಕಾರರಿಗೆ ರಾಜಧಾನಿ ಲುವೊಯಾಂಗ್ ಸೋತಾಗ ದೊಡ್ಡ ಮನೆತನಗಳು ಗುಂಪುಗುಂಪಾಗಿ ದಕ್ಷಿಣಕ್ಕೆ ಹೊರಟವು. ಹಾಗೆ ಬಂದವರ ಸಂತತಿಯೆಂದು ಹೇಳಿಕೊಂಡ ಚೆನ್ ಬಾಶಿಯಾನ್ 557ರಲ್ಲಿ ಚಕ್ರವರ್ತಿಯಾಗಿ ತನ್ನ ಕುಲನಾಮವನ್ನೇ ರಾಜವಂಶಕ್ಕೂ ಇಟ್ಟ. ಆ ರಾಜವಂಶ 589ರವರೆಗಷ್ಟೇ ಬಾಳಿತು. ನಮ್ಮ ಕಥೆಗೆ ಅದಕ್ಕಿಂತ ಮುಖ್ಯವಾದದ್ದು ಮುಂದಿನ ಶತಮಾನ. 669ರಲ್ಲಿ ತಾಂಗ್ ಚಕ್ರವರ್ತಿ ಆಗ್ನೇಯ ಕರಾವಳಿಯ ಫುಜಿಯಾನಿನ ಬೆಟ್ಟಗಾಡಿನ ದಂಗೆಯನ್ನು ಅಡಗಿಸಲು ಚೆನ್ ಝೆಂಗ್ ಎಂಬ ದಂಡನಾಯಕನನ್ನು ಕಳುಹಿಸಿದ. ಅವನ ಮಗ ಚೆನ್ ಯುವಾನ್‌ಗುವಾಂಗ್ 686ರಲ್ಲಿ ಝಾಂಗ್‌ಝೌ ಎಂಬ ಆಡಳಿತ ಸೀಮೆಯನ್ನು ಸ್ಥಾಪಿಸಿ, 711ರಲ್ಲಿ ಯುದ್ಧದಲ್ಲಿ ಮಡಿದು, ದೇವರಾಗಿಬಿಟ್ಟ. 'ಝಾಂಗ್‌ಝೌ ತೆರೆದ ಪವಿತ್ರ ಅರಸ' ಎಂದು ಅವನಿಗೆ ಹೆಸರು. ಫುಜಿಯಾನ್, ತೈವಾನ್, ಸಿಂಗಪುರ, ಪಿನಾಂಗ್ ಎಲ್ಲೆಡೆ ಅವನ ಗುಡಿಗಳಿವೆ. ಈ ತಂದೆಮಕ್ಕಳ ಮೂಲ ಊರು ಹೆನಾನಿನ ಗುಷಿ ಎಂದು ಸಂಪ್ರದಾಯ ಹೇಳುತ್ತದೆ. ಫುಜಿಯಾನಿನ ಚೆನ್‌ಗಳಲ್ಲಿ ಹೆಚ್ಚಿನವರು ತಾವೂ ಗುಷಿಯವರೇ ಎನ್ನುತ್ತಾರೆ.

ಇಲ್ಲಿ ತುಸು ನಿಂತು ನೋಡಬೇಕು. 12ನೆಯ ಶತಮಾನದ ವಿದ್ವಾಂಸ ಝೆಂಗ್ ಚಿಯಾವೋ, ತಾನೇ ಫುಜಿಯಾನಿನವನಾಗಿದ್ದೂ, ಈ ಗುಷಿಯ ಮಾತನ್ನು ಒಪ್ಪಲಿಲ್ಲ. 9ನೆಯ ಶತಮಾನದ ಕೊನೆಯಲ್ಲಿ ಗುಷಿಯಿಂದ ಸೈನ್ಯ ತಂದ ವಾಂಗ್ ಸಹೋದರರು ಫುಜಿಯಾನನ್ನು ಗೆದ್ದು ಆಳಿದರು. ತಮ್ಮ ಊರಿನವರಿಗೆ ಅವರು ಹೆಚ್ಚಿನ ಮನ್ನಣೆ ಕೊಡುತ್ತಿದ್ದುದರಿಂದ ಫುಜಿಯಾನಿನ ಎಲ್ಲ ಮನೆತನಗಳೂ ತಾವು ಗುಷಿಯಿಂದ ಬಂದವರೆಂದು ಬರೆಸಿಕೊಂಡವು ಎಂಬುದು ಅವನ ವಿವರಣೆ. ಎಂಟುನೂರು ವರ್ಷಗಳ ಹಿಂದೆಯೇ ಹೀಗೆ ಹೇಳಿದವನ ಧೈರ್ಯವನ್ನು ಮೆಚ್ಚಬೇಕು. ವಂಶಾವಳಿ ಬರೆಯುವವನು ಪೂರ್ವಜರನ್ನು ಹುಡುಕುವಂತೆಯೇ ಆರಿಸಿಕೊಳ್ಳುತ್ತಾನೆ ಕೂಡ. ಕೈಬರಹ ಅಳುಕಬಹುದು, ಆಸೆಗೆ ಬಾಗಬಹುದು. ಆದರೆ ಯಾರೂ ಯೋಜಿಸದೆ ಉಳಿದುಬಂದ ಒಂದು ಸಾಕ್ಷಿ ಇದೆ, ಅದು ಉಚ್ಚಾರಣೆ.

ಕನ್ನಡದ ವರ್ಣಮಾಲೆಯನ್ನು ಬಾಯಿಪಾಠ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಹೆಸರಿನ ತಾನ್ ತ-ವರ್ಗದ್ದು, ಟ್ರಾನ್ ಟ-ವರ್ಗದ್ದು, ಚೆನ್ ಚ-ವರ್ಗದ್ದು. ಈ ಮೂರು ವರ್ಗಗಳು ಮೂರು ಕಾಲಗಳು. ಅತಿ ಹಳೆಯ ಚೀನೀ ಭಾಷೆಯಲ್ಲಿ ಈ ಹೆಸರಿನ ಮೊದಲ ಧ್ವನಿ ಹಲ್ಲಿನ ಹತ್ತಿರ ಹುಟ್ಟುತ್ತಿತ್ತು. ಆದ್ದರಿಂದಲೇ ಅಂದು ಚೆನ್ ಮತ್ತು ತ್ಯಾನ್ ಅಷ್ಟು ಹತ್ತಿರದವಾಗಿದ್ದವು. ಅಕ್ಷರಗಳ ಉಚ್ಚಾರಣೆ ತಿಳಿಸುವ, 601ರಲ್ಲಿ ಸಿದ್ಧವಾದ ಪ್ರಾಸಕೋಶದ ಹೊತ್ತಿಗೆ ನಾಲಿಗೆ ಹಿಂದಕ್ಕೆ ಮಡಚಿ ಅದು ನಮ್ಮ ಡಕಾರದಂತಾಗಿತ್ತು. ವಿಯೆಟ್ನಾಮೀಯರು ಚೀನೀ ಅಕ್ಷರಗಳ ಓದನ್ನು ಕಲಿತದ್ದು ತಾಂಗ್ ಕಾಲದಲ್ಲಿ, ಹಾಗಾಗಿ ಅವರಲ್ಲಿ ಆ ಮಡಚಿದ ನಾಲಿಗೆ ಉಳಿಯಿತು. ಉತ್ತರದಲ್ಲಿ ಅದು ಮುಂದೆ ಚಕಾರವಾಯಿತು. ಹೊಕ್ಕಿಯೆನ್, ಎಂದರೆ ಫುಜಿಯಾನಿನ ಮಾತು, ಮಾತ್ರ ಈ ಬದಲಾವಣೆಗಳೆಲ್ಲ ಆಗುವ ಮೊದಲೇ ಕವಲೊಡೆದು ಬೇರೆಯಾಗಿದ್ದರಿಂದ ಹಳೆಯ ತಕಾರವನ್ನು ಹಾಗೆಯೇ ಇಟ್ಟುಕೊಂಡಿತು. ನಮ್ಮಲ್ಲೂ ಇಂಥದ್ದು ಇದೆ. ತಮಿಳರು 'ಚೆವಿ' ಎನ್ನುವುದನ್ನು ನಾವು ಕಿವಿ ಎನ್ನುತ್ತೇವೆ, ಹಳೆಯ ಕಕಾರವನ್ನು ಬಿಡಲಿಲ್ಲ. ತಮಿಳರು ಇನ್ನೂ 'ಪಾಲ್' ಎನ್ನುತ್ತಿರುವಾಗ ನಾವು ಹಾಲು ಎನ್ನುತ್ತೇವೆ, ಹಳೆಯ ಪಕಾರವನ್ನು ಬಿಟ್ಟೆವು. ಎದುರು ಮನೆಯ ಹಿರಿಯರು ಲಿಫ್ಟಿನ ಮುಂದೆ ತಮ್ಮ ಹೆಸರು ಹೇಳಿದಾಗ ನಾನು ಕೇಳಿಸಿಕೊಂಡದ್ದು ಬೀಜಿಂಗಿನಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಕಳೆದುಹೋದ ಧ್ವನಿಯನ್ನು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. 669ರಲ್ಲಿ ಬಂದ ದಂಡಿನವರಾಗಲಿ, ಆಮೇಲೆ ಗುಷಿಯಿಂದ ಬಂದವರಾಗಲಿ, ಉತ್ತರದ ಉಚ್ಚಾರಣೆಯನ್ನೇ ತಂದಿರಬೇಕು. ಆದರೂ ಅವರ ಮಕ್ಕಳು ತಕಾರವನ್ನೇ ಆಡಿದರು. ತೊಟ್ಟಿಲ ಬಳಿ ಕೂತು ಮಾತು ಕಲಿಸಿದವರು ಆ ನೆಲದಲ್ಲಿ ಮೊದಲೇ ಇದ್ದವರು, ಆ ಊರಿನ ತಾಯಂದಿರು ಎಂದೇ ನಾನು ತಿಳಿಯುತ್ತೇನೆ. ಅಕ್ಷರ ತಂದೆಯ ಕಡೆಯಿಂದ ಬಂದಿರಬಹುದು, ಅದನ್ನು ನುಡಿಯುವ ಬಗೆ ತಾಯಿಯದು. ತೈವಾನಿನಲ್ಲಿ ಇದಕ್ಕೆ ಸಮೀಪದ ಒಂದು ನಾಣ್ಣುಡಿಯೇ ಇದೆ: ಚೀನಾದಿಂದ ಬಂದ ಅಜ್ಜ ಉಂಟು, ಚೀನಾದಿಂದ ಬಂದ ಅಜ್ಜಿ ಇಲ್ಲ.

ಚೆನ್‌ಗಳ ಇನ್ನೊಂದು ದೊಡ್ಡ ಕವಲು ಒಳನಾಡಿನ ಜಿಯಾಂಗ್‌ಶಿ ಪ್ರಾಂತದ ದೆ-ಆನ್‌ನಲ್ಲಿ 332 ವರ್ಷ ಮನೆ ಒಡೆಯದೆ ಬಾಳಿತು. ಮೂರು ಸಾವಿರಕ್ಕೂ ಮೀರಿದ ಜನ ಒಟ್ಟಿಗೇ ಉಣ್ಣುತ್ತಿದ್ದರು. ಅವರ ನೂರು ನಾಯಿಗಳು ಕೂಡ ಒಂದೇ ತೊಟ್ಟಿಯಲ್ಲಿ ತಿನ್ನುತ್ತಿದ್ದವೆಂದೂ, ಒಂದು ನಾಯಿ ಬಾರದಿದ್ದರೆ ಉಳಿದವು ಕಾಯುತ್ತಿದ್ದವೆಂದೂ ಸೊಂಗ್ ವಂಶದ ಅಧಿಕೃತ ಇತಿಹಾಸದಲ್ಲೇ ದಾಖಲಾಗಿದೆ. 1062ರಲ್ಲಿ ಚಕ್ರವರ್ತಿ ರೆನ್‌ಝೊಂಗ್ ಈ ಮನೆಯನ್ನು ಪಾಲು ಮಾಡಲು ಆಜ್ಞೆ ಹೊರಡಿಸಿದ. ಅನ್ನ ಬೇಯಿಸುತ್ತಿದ್ದ ದೊಡ್ಡ ಕಬ್ಬಿಣದ ಕಡಾಯಿಯನ್ನು ಮೇಲಿನಿಂದ ಬೀಳಿಸಿದರಂತೆ, ಅದು 291 ಚೂರಾಯಿತಂತೆ, ಒಂದೊಂದು ಚೂರು ಹಿಡಿದು ಒಂದೊಂದು ಪಾಲಿನವರು ಬೇರೆ ಬೇರೆ ಊರುಗಳಿಗೆ ಹೊರಟರಂತೆ. ಕಡಾಯಿಯ ಮಾತು ಐತಿಹ್ಯ, ಪಾಲಾದದ್ದು ನಿಜ. ಮನೆಯ ಹಿರಿತನವೆಂದರೆ ಅಡುಗೆಮನೆಯ ಪಾತ್ರೆ ಎಂದು ಆ ಕಥೆ ಕಟ್ಟಿದವರಿಗೆ ತಿಳಿದಿತ್ತು.

ಫುಜಿಯಾನಿನಿಂದ ಸಮುದ್ರದ ದಾರಿ ಹಿಡಿದವರಲ್ಲಿ ಒಂದು ಮೀನುಗಾರ ಕುಟುಂಬ ವಿಯೆಟ್ನಾಮಿನ ಕೆಂಪು ನದಿಯ ಮುಖಜಭೂಮಿಯಲ್ಲಿ, ಈಗಿನ ನಾಮ್ ದಿನ್ಹ್ ಹತ್ತಿರ, ನೆಲೆನಿಂತಿತು. ಅದೇ ಟ್ರಾನ್ ಮನೆತನ. 1225ರಲ್ಲಿ ಲೀ ವಂಶದ ಕೊನೆಯ ದೊರೆಯಾಗಿ ಸಿಂಹಾಸನದ ಮೇಲೆ ಇದ್ದವಳು ಏಳು ವರ್ಷದ ಹುಡುಗಿ. ಅವಳನ್ನು ತಮ್ಮ ಮನೆಯ ಹುಡುಗನಿಗೆ ಮದುವೆ ಮಾಡಿಸಿ, ಅವಳಿಂದಲೇ ರಾಜ್ಯವನ್ನು ಗಂಡನಿಗೆ ಬಿಟ್ಟುಕೊಡಿಸಿದರು. ಮುಂದೆ ಈ ವಂಶ 1258, 1285 ಮತ್ತು 1288ರಲ್ಲಿ ಮೂರು ಸಲ ಮಂಗೋಲರನ್ನು ಹಿಮ್ಮೆಟ್ಟಿಸಿ 1400ರವರೆಗೆ ಆಳಿತು. ಇಂದು ವಿಯೆಟ್ನಾಮಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಟ್ರಾನ್. ಇಲ್ಲಿಯೂ ಚೆನ್‌ಗಳಿಗೆ ನೆಲ ಬಂದದ್ದು ಮದುಮಗಳ ಕೈಯಿಂದ, ಅದೂ ಏನಾಗುತ್ತಿದೆ ಎಂದು ತಿಳಿಯುವ ವಯಸ್ಸೂ ಇಲ್ಲದವಳಿಂದ.

ತಾನ್‌ಗಳು ಮಲಕ್ಕಾ, ಪಿನಾಂಗ್, ಸಿಂಗಪುರಗಳಿಗೆ ಬಂದ ಬಗೆಯೂ ಬೇರೆಯಲ್ಲ. ವ್ಯಾಪಾರಕ್ಕೆ ಬಂದವರು ಇಲ್ಲಿನ ಹೆಂಗಸರನ್ನು ಮದುವೆಯಾದರು. ಅವರ ಮಕ್ಕಳು ಮನೆಯಲ್ಲಿ ಮಲಾಯ್ ಮಾತಾಡುತ್ತ, ಕಾಗದದ ಮೇಲೆ ತಾನ್ ಎಂದು ಬರೆಯುತ್ತ ಬೆಳೆದರು. ತಾನ್ ತೊಕ್ ಸೆಂಗ್ 1798ರಲ್ಲಿ ಮಲಕ್ಕಾದಲ್ಲಿ ಹುಟ್ಟಿದ್ದು ಹೊಕ್ಕಿಯೆನ್ ತಂದೆಗೆ, ಅಲ್ಲಿಯವಳೇ ಆದ ತಾಯಿಗೆ. ತರಕಾರಿ ಮಾರುತ್ತ ಬಂದು ದೊಡ್ಡ ವರ್ತಕನಾಗಿ, 1844ರಲ್ಲಿ ಬಡವರ ಆಸ್ಪತ್ರೆಗೆ ಅಡಿಗಲ್ಲು ಬೀಳುವಂತೆ ಮಾಡಿದ ಅವನ ಹೆಸರು ಇಂದು ಸಿಂಗಪುರದ ದೊಡ್ಡ ಆಸ್ಪತ್ರೆಯೊಂದರ ಮೇಲಿದೆ. ಅಲ್ಲಿ ಹೆಂಗಸರ ವಾರ್ಡಿಗೆ ಹಣ ಕೊಟ್ಟವಳು ಅವನ ಹೆಂಡತಿ ಲೀ ಸಿಯೊ ನಿಯೊ. ಅವರ ಮಗ ತಾನ್ ಕಿಮ್ ಚಿಂಗ್ ಇನ್ನೊಬ್ಬ ತಾನ್ ವರ್ತಕನ ಜೊತೆಗೂಡಿ 1876ರಲ್ಲಿ ಮ್ಯಾಗಜಿನ್ ರಸ್ತೆಯಲ್ಲಿ ತಮ್ಮ ಕುಲದವರಿಗೆಲ್ಲ ಗುಡಿ ಕಟ್ಟಿಸತೊಡಗಿದ. ಗರ್ಭಗುಡಿಯಲ್ಲಿರುವವನು ಅದೇ ಝಾಂಗ್‌ಝೌ ತೆರೆದ ಅರಸ. ಗುವಾಂಗ್‌ಝೌ ನಗರದಲ್ಲಿ ಗುವಾಂಗ್‌ಡಾಂಗ್ ಪ್ರಾಂತದ 72 ತಾಲ್ಲೂಕುಗಳ ಚೆನ್‌ಗಳು ಹಣ ಕೂಡಿಸಿ, ಸರ್ಕಾರಿ ಪರೀಕ್ಷೆಗೆ ಬರುವ ತಮ್ಮ ಹುಡುಗರು ಉಳಿದುಕೊಳ್ಳಲೆಂದು 1894ರಲ್ಲಿ ಮುಗಿಸಿದ ಕುಲಮಂದಿರವನ್ನು ನಾನು ನೋಡಿ ಬಂದಿದ್ದೇನೆ. ಛಾವಣಿಯ ಏಣಿನ ತುಂಬ ಬಣ್ಣದ ಮಣ್ಣಿನ ಬೊಂಬೆಗಳು. ಪರೀಕ್ಷೆಗಳೇ 1905ರಲ್ಲಿ ರದ್ದಾದವು, ಬೊಂಬೆಗಳು ಉಳಿದವು. ಕುಂಬಾರರ ಅಧಿಕಾರಿಯ ಸಂತತಿ ತನ್ನ ಮನೆಯ ನೆತ್ತಿಗೆ ಸುಟ್ಟ ಮಣ್ಣನ್ನೇ ಏರಿಸಿತ್ತು.

ಹೆಸರು ಕಳೆದುಕೊಂಡವರೂ ಪಡೆದುಕೊಂಡವರೂ ಇದ್ದಾರೆ. ಇಂಡೋನೇಷ್ಯಾದಲ್ಲಿ 1966ರ ಬಳಿಕ ಚೀನೀಯರು ಅಲ್ಲಿನ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂಬ ಒತ್ತಡ ಬಂದಾಗ ತಾನ್‌ಗಳು ತನೊಟೊ, ಸುತಾಂಟೊ, ಹರ್ತಾಂಟೊ ಆದರು. ಬಟ್ಟೆಯ ಮಡಿಕೆಯಲ್ಲಿ ಒಡವೆ ಬಚ್ಚಿಟ್ಟಂತೆ ಹೊಸ ಹೆಸರಿನ ನಡುವೆ ಹಳೆಯ ಧ್ವನಿಯನ್ನು ಹೊಲಿದಿಟ್ಟರು. ಇನ್ನೊಂದೆಡೆ, ಚಿತ್ರೀಕರಣಕ್ಕೆ ಹಂಪಿಯವರೆಗೂ ಬಂದುಹೋದ, ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಜಾಕಿ ಚಾನ್ ಹುಟ್ಟಿನಿಂದ ಚಾನ್ ಮನೆತನದವರಲ್ಲ. ಅವರ ತಂದೆ ಮೂಲತಃ ಫಾಂಗ್ ಕುಲದವರು, ಅಂತರ್ಯುದ್ಧದ ಗೊಂದಲದಲ್ಲಿ ಹೆಸರು ಬದಲಿಸಿಕೊಂಡು ಹಾಂಗ್‌ಕಾಂಗ್ ಸೇರಿದವರು. ಜಗತ್ತಿಗೆ ಅತಿ ಹೆಚ್ಚು ಪರಿಚಯವಿರುವ ಚಾನ್, ಮೂಲಪುರುಷ ಮಾನ್‌ನ ಸಾಲಿನಲ್ಲಿ ಇಲ್ಲವೇ ಇಲ್ಲ. ಇದನ್ನು ಹೇಳಿದಾಗ ಎದುರು ಮನೆಯ ಅಂಕಲ್ ಸ್ವಲ್ಪವೂ ವಿಚಲಿತರಾಗಲಿಲ್ಲ. "ಅಷ್ಟು ವರ್ಷ ಹೊತ್ತುಕೊಂಡು ನಡೆದಿದ್ದಾರಲ್ಲ, ಅವರದೇ" ಎಂದರು.

ಕಳೆದ ಏಪ್ರಿಲ್‌ನಲ್ಲಿ, ಹಿರಿಯರ ಸಮಾಧಿಗಳನ್ನು ಶುಚಿಗೊಳಿಸುವ ಚಿಂಗ್‌ಮಿಂಗ್ ಹಬ್ಬದ ದಿನ, ಅಂಕಲ್ ಮತ್ತು ಆಂಟಿ ನನ್ನನ್ನು ಬುಕಿಟ್ ಬ್ರೌನ್‌ಗೆ ಕರೆದುಕೊಂಡು ಹೋದರು. 1922ರಿಂದ 1973ರವರೆಗೆ ಶವಸಂಸ್ಕಾರ ನಡೆದ, ಸುಮಾರು ಒಂದು ಲಕ್ಷ ಸಮಾಧಿಗಳಿರುವ ಗುಡ್ಡವದು. ಅದರ ನಡುವೆ ಹೆದ್ದಾರಿ ಹಾಯಿಸಲು ಸುಮಾರು 4,000 ಸಮಾಧಿಗಳನ್ನು ಅಗೆದು ತೆಗೆದಿದ್ದಾರೆ. ಉಳಿದವು ಮರಗಳ ಬೇರಿನ ನಡುವೆ, ತೋಳುಳ್ಳ ಕುರ್ಚಿಗಳಂತೆ ಇಳಿಜಾರಿಗೆ ಬೆನ್ನು ಕೊಟ್ಟು ಕೂತಿವೆ. ಕೆಲವು ಸಮಾಧಿಗಳ ಇಕ್ಕೆಲಗಳಲ್ಲಿ ಪೇಟ ಸುತ್ತಿದ, ಬಂದೂಕು ಹಿಡಿದ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳಿವೆ. ಅಂಕಲ್ ಅವರ ಅಜ್ಜ ಅಜ್ಜಿಯರದು ಜೋಡಿ ಸಮಾಧಿ, ಒಂದೇ ಕಲ್ಲು. ನೆತ್ತಿಯ ಮೇಲೆ ಯಿಂಗ್‌ಚುವಾನ್ ಎಂಬ ಎರಡು ಅಕ್ಷರ. ಅಜ್ಜನ ಹೆಸರು ಪೂರ್ತಿ ಇತ್ತು, ಅಜ್ಜಿಯದು ತವರಿನ ಕುಲನಾಮ ಮಾತ್ರ.

ಆಂಟಿ ಬಕೆಟ್ಟಿನ ನೀರಿನಿಂದ ಪಾಚಿ ಉಜ್ಜಿ ತೆಗೆದರು. ಅಂಕಲ್ ಕೆಂಪು ಬಣ್ಣದ ಸಣ್ಣ ಡಬ್ಬಿ ತೆರೆದು, ಮೊಣಕಾಲೂರಿ, ಕಲ್ಲಿನಲ್ಲಿ ಕೊರೆದ ಗೆರೆಗಳ ಒಳಗೆ ತೆಳು ಕುಂಚವನ್ನು ಆಡಿಸತೊಡಗಿದರು. ಅಂಕಲ್ ಹುಟ್ಟುವ ಮೊದಲೇ ಅಜ್ಜ ತೀರಿಹೋಗಿದ್ದರಂತೆ. ಮಲಕ್ಕಾದಲ್ಲಿ ಹುಟ್ಟಿದ್ದ ಅಜ್ಜಿ ಸರೊಂಗ್ ಉಡುತ್ತಿದ್ದಳು, ಮೊಮ್ಮಕ್ಕಳನ್ನು ಮಲಾಯ್ ಮಾತಿನಲ್ಲಿ 'ಚುಚು' ಎಂದು ಕರೆಯುತ್ತಿದ್ದಳು, ಅವಳಿಗೆ ಚೀನೀ ಅಕ್ಷರ ಒಂದೂ ಬರುತ್ತಿರಲಿಲ್ಲ. "ಶಾಲೆಗೆ ಸೇರುವ ದಿನ ಮೇಷ್ಟ್ರು ಕೇಳಿದರೆ ಹೇಳು ಎಂದು, ಮನೆಯ ಹೊಸ್ತಿಲಿನಿಂದ ಶಾಲೆಯ ಬಾಗಿಲವರೆಗೆ ಕೈ ಹಿಡಿದುಕೊಂಡು ತಾನ್, ತಾನ್ ಎಂದು ನನ್ನಿಂದ ಹೇಳಿಸಿದಳು" ಎಂದು ಅಂಕಲ್ ಕಲ್ಲಿನಿಂದ ಕಣ್ಣು ತೆಗೆಯದೆ ಹೇಳಿದರು. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಆಂಟಿ ಛತ್ರಿ ಬಿಚ್ಚಿ ಅವರ ತಲೆಯನ್ನು ಬಿಟ್ಟು, ಇನ್ನೂ ಆರದಿದ್ದ ಅಕ್ಷರಗಳ ಮೇಲೆ ಹಿಡಿದು ನಿಂತರು.